ತಪ್ಪು ಕಂಡ ಮೊದಲ ಹತ್ತು ನಿಮಿಷ

ಮೂರು ವರ್ಷದ ಹಿಂದೆ, ಒಂದು ಮಂಗಳವಾರ ಸಂಜೆ, ನಮ್ಮ ಜೀನ್ಸ್ ಹೊಲಿಯುವ ಯೂನಿಟ್‌ನಿಂದ ವಾಷಿಂಗ್‌ಗೆ ಹೋಗಿದ್ದ 180 ಪ್ಯಾಂಟ್ ವಾಪಸ್ ಬಂದವು. ಮೂಟೆ ಬಿಚ್ಚಿ ಮೊದಲನೇದನ್ನು ಎತ್ತಿ ಹಿಡಿದೆ. ಎಡಗಾಲು ನೀಲಿ. ಬಲಗಾಲು ಅದಕ್ಕಿಂತ ಮಾಸಲು, ಸ್ವಲ್ಪ ಹಸಿರು ಹೊಡೆಯುತ್ತಿತ್ತು. ಎರಡನೇದು ತೆಗೆದೆ, ಅದೂ ಹಾಗೇ. ಹತ್ತನೇ ಪ್ಯಾಂಟ್ ತೆಗೆಯುವ ಹೊತ್ತಿಗೆ ನನ್ನ ಕೈ ನಡುಗುತ್ತಿತ್ತು.

ಜೀನ್ಸ್ ಕೆಲಸ ಬಲ್ಲವರಿಗೆ ಇದು ಏನು ಅಂತ ಕೂಡಲೇ ತಿಳಿಯುತ್ತದೆ. ಎರಡು ರೋಲ್ ಬಟ್ಟೆ. ಕಣ್ಣಿಗೆ ಒಂದೇ ಬಣ್ಣ, ಆದರೆ ಮಿಲ್‌ನಲ್ಲಿ ಬೇರೆ ಬೇರೆ ಸಲ ಬಣ್ಣ ಹಾಕಿದ್ದು. ಕಟಿಂಗ್ ಟೇಬಲ್ ಮೇಲೆ ಪದರ ಹಾಸುವಾಗ ಎರಡೂ ಬೆರೆತಿವೆ. ಕತ್ತರಿಸಿದ ತುಂಡುಗಳಿಗೆ ನಂಬರ್ ಚೀಟಿ ಅಂಟಿಸಿಲ್ಲ. ಹಾಗಾಗಿ ಒಂದು ರೋಲ್‌ನ ಎಡಗಾಲು ಇನ್ನೊಂದು ರೋಲ್‌ನ ಬಲಗಾಲಿಗೆ ಹೋಗಿ ಸೇರಿದೆ. ಹೊಲಿಯುವಾಗ ಗೊತ್ತಾಗುವುದಿಲ್ಲ. ನೀರು ಬಿದ್ದ ಮೇಲೆಯೇ ಬಯಲಾಗುವುದು.

ನಮ್ಮ ಯೂನಿಟ್ ಇರುವುದು ಬಳ್ಳಾರಿಯ ಕೌಲ್ ಬಜಾರ್ ಕಡೆ. 14 ಮಷಿನ್, ಹೆಚ್ಚುಕಡಿಮೆ 20 ಜನ. ಕಟಿಂಗ್ ಮಾಸ್ಟರ್‌ಗೆ ಅರವತ್ತು ದಾಟಿದೆ, ಎಲ್ಲರೂ ಅವರನ್ನು ಚಾಚಾ ಅಂತಲೇ ಕರೆಯುತ್ತೇವೆ. ಅವತ್ತು ನಾನು ಚಾಚಾ ಅವರನ್ನು ಎಲ್ಲರ ಎದುರು ಬಾಯಿಗೆ ಬಂದ ಹಾಗೆ ಬೈದೆ. ಅವರು ಕತ್ತರಿ ಕೆಳಗಿಟ್ಟರು. ಟೇಬಲ್ ಮೇಲೆ ಬಿದ್ದಿದ್ದ ಸೀಮೆಸುಣ್ಣದ ಪುಡಿಯನ್ನು ಅಂಗೈಯಿಂದ ಒರೆಸುತ್ತಾ ನಿಂತರು. ಒಂದು ಮಾತೂ ಆಡಲಿಲ್ಲ.

ನಷ್ಟ 180 ಪ್ಯಾಂಟಿನದು ಅಂದುಕೊಂಡಿದ್ದೆ. ನಿಜವಾದ ನಷ್ಟ ಆಮೇಲೆ ಶುರುವಾಯಿತು. ಮುಂದಿನ ಎರಡು ತಿಂಗಳು ನನ್ನ ಕಿವಿಗೆ ಒಂದೇ ಒಂದು ತಪ್ಪು ಬೀಳಲಿಲ್ಲ. ಕೆಲಸ ಸುಧಾರಿಸಿದೆ ಅಂತ ಖುಷಿಪಟ್ಟೆ. ಒಂದು ದಿನ ಚಿಂದಿ ಚೀಲ ಖಾಲಿ ಮಾಡುವಾಗ ಅದರ ತಳದಲ್ಲಿ ಉಲ್ಟಾ ಹೊಲಿದ ಜೇಬುಗಳು, ಅಳತೆ ತಪ್ಪಿದ ಸೊಂಟದ ಪಟ್ಟಿಗಳು ಸಿಕ್ಕವು. ಉಂಡೆ ಮಾಡಿ, ಮೇಲೆ ಒಳ್ಳೆ ಚಿಂದಿ ತುರುಕಿದ್ದರು. ತಪ್ಪು ನಿಂತಿರಲಿಲ್ಲ. ನನಗೆ ಹೇಳುವುದು ನಿಂತಿತ್ತು.

ಆ ದಿನಗಳಲ್ಲೇ ನಾನು ಮೈಕ್ರೋಸಾಫ್ಟ್‌ನ ಸತ್ಯ ನಾದೆಲ್ಲಾ ಅವರ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದತೊಡಗಿದ್ದು. ದೊಡ್ಡ ಕಂಪನಿಯ ದೊಡ್ಡ ಮನುಷ್ಯ, ನಮಗೇನು ಸಂಬಂಧ ಅನ್ನಿಸಬಹುದು. ಅವರು ಹೈದರಾಬಾದಿನವರು. ಹೈದರಾಬಾದ್ ನಮಗೆ ಬೇರೆ ಲೋಕ ಅಲ್ಲ. ರಾಯಚೂರು, ಕೊಪ್ಪಳದ ಹಿರಿಯರಿಗೆ 1956ರವರೆಗೆ ಅದೇ ರಾಜಧಾನಿ. ನಾದೆಲ್ಲಾ 1967ರಲ್ಲಿ ಹುಟ್ಟಿದರು, ತಂದೆ ಐಎಎಸ್ ಅಧಿಕಾರಿ, ತಾಯಿ ಸಂಸ್ಕೃತ ಕಲಿಸುತ್ತಿದ್ದರು. ಐಐಟಿ ಪ್ರವೇಶ ಪರೀಕ್ಷೆಯಲ್ಲಿ ಪಾಸಾಗಲಿಲ್ಲ. ನಮ್ಮ ಮಣಿಪಾಲಕ್ಕೆ ಬಂದು ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಓದಿ 1988ರಲ್ಲಿ ಮುಗಿಸಿದರು. 1992ರಲ್ಲಿ ಮೈಕ್ರೋಸಾಫ್ಟ್ ಸೇರಿದರು. 2014ರ ಫೆಬ್ರುವರಿ 4ರಂದು ಆ ಕಂಪನಿಯ ಮೂರನೇ ಸಿಇಒ ಆದರು. ಅಂದರೆ ಕುರ್ಚಿ ಸಿಗುವ ಮೊದಲು 22 ವರ್ಷ ಒಂದೇ ಕಡೆ ಕೆಲಸ ಮಾಡಿದ್ದಾರೆ.

ಅವರ ಗೆಲುವಿನ ಕಥೆ ಎಲ್ಲ ಕಡೆ ಸಿಗುತ್ತದೆ. ನಾನು ಹುಡುಕಿದ್ದು ಬೇರೆ. ಏನಾದರೂ ಕೆಟ್ಟಾಗ ಈ ಮನುಷ್ಯ ಮೊದಲು ಏನು ಮಾಡಿದರು? ಅದನ್ನು ನಮ್ಮಂಥ ಹತ್ತು, ಇಪ್ಪತ್ತು ಜನರ ಜಾಗದಲ್ಲಿ ಹೇಗೆ ಮಾಡಬಹುದು? ನೀವು ಗಂಗಾವತಿಯಲ್ಲಿ ರೈಸ್ ಮಿಲ್ ನಡೆಸುತ್ತಿರಬಹುದು, ರಾಯಚೂರಲ್ಲಿ ಹತ್ತಿ ಜಿನ್ನಿಂಗ್ ನೋಡಿಕೊಳ್ಳುತ್ತಿರಬಹುದು, ಇಲ್ಲ ತೋರಣಗಲ್ಲಿನ ಕಾರ್ಖಾನೆಯಲ್ಲಿ ಒಂದು ಪಾಳಿಯ ಮೇಲ್ವಿಚಾರಕರಾಗಿರಬಹುದು. ನಾನು ಮಾಡಿ ನೋಡಿದ್ದನ್ನು, ತಪ್ಪು ಕಂಡ ಗಳಿಗೆಯಿಂದ ಹಿಡಿದು, ಯಾವಾಗ ಏನು ಮಾಡಬೇಕೋ ಆ ಸಾಲಲ್ಲೇ ಬರೆಯುತ್ತೇನೆ.

ಮೊದಲ ಹತ್ತು ನಿಮಿಷ: ಸೋರಿಕೆ ನಿಲ್ಲಿಸಿ

2024ರ ಆಗಸ್ಟ್ 10ರ ರಾತ್ರಿ ನಮ್ಮ ಕಡೆಯವರು ಯಾರೂ ಮರೆಯುವುದಿಲ್ಲ. ತುಂಗಭದ್ರಾ ಅಣೆಕಟ್ಟಿನ 33 ಗೇಟುಗಳಲ್ಲಿ 19ನೆಯದರ ಚೈನ್ ತುಂಡಾಗಿ ಗೇಟು ಕೊಚ್ಚಿಕೊಂಡು ಹೋಯಿತು. ತುಂಬಿದ ಡ್ಯಾಂ. ಬಳ್ಳಾರಿ, ಕೊಪ್ಪಳ, ರಾಯಚೂರು, ವಿಜಯನಗರ ಜಿಲ್ಲೆಗಳ ಗದ್ದೆಗಳಿಗೆ ಬೇಕಾದ ನೀರು ಹೊಳೆಗೆ ಹೋಗುತ್ತಿತ್ತು. ಚೈನ್ ಯಾಕೆ ತುಂಡಾಯಿತು, ಯಾರ ತಪ್ಪು ಅನ್ನುವ ಮಾತು ಎಲ್ಲ ಕಡೆ ಇತ್ತು. ಆದರೆ ಡ್ಯಾಂ ಮೇಲೆ ನಿಂತವರು ಮೊದಲು ಉಳಿದ ಗೇಟುಗಳನ್ನು ತೆಗೆದು ಕಟ್ಟೆಯ ಮೇಲಿನ ಭಾರ ಕಡಿಮೆ ಮಾಡಿದರು. ಗೇಟು ತಜ್ಞ ಕನ್ನಯ್ಯ ನಾಯ್ಡು ಬಂದರು. ಉಕ್ಕಿನ ಅಡ್ಡಹಲಗೆಗಳನ್ನು, ಸ್ಟಾಪ್ ಲಾಗ್ ಅಂತಾರಲ್ಲ ಅದನ್ನು, ಹರಿಯುವ ನೀರಿನಲ್ಲೇ ಒಂದರ ಮೇಲೊಂದು ಇಳಿಸಿ ಆಗಸ್ಟ್ 17ರ ಹೊತ್ತಿಗೆ ನೀರು ನಿಲ್ಲಿಸಿದರು. ಒಂದು ವಾರ. ಆ ವಾರ ಪೂರ್ತಿ ತನಿಖೆ ಮಾಡುತ್ತಾ ಕೂತಿದ್ದರೆ ಡ್ಯಾಂನಲ್ಲಿ ಎಷ್ಟು ನೀರು ಉಳಿಯುತ್ತಿತ್ತು ಹೇಳಿ.

ನಾದೆಲ್ಲಾ ಅವರ ಕಂಪನಿಯಲ್ಲೂ ಇಂಥದ್ದೇ ಒಂದು ನಡೆಯಿತು. 2016ರ ಮಾರ್ಚ್ 23ರಂದು ಅವರ ತಂಡ ಟ್ವಿಟರ್‌ನಲ್ಲಿ ಟೇ ಅನ್ನುವ ಮಾತಾಡುವ ಪ್ರೋಗ್ರಾಂ ಬಿಟ್ಟಿತು. ಜನರ ಜೊತೆ ಮಾತಾಡುತ್ತಾ ಕಲಿಯುವಂಥದ್ದು. ಕೆಲವರು ಬೇಕಂತಲೇ ಅದಕ್ಕೆ ಹೊಲಸು ಮಾತು ಕಲಿಸಿದರು. ಅದು ಜನಾಂಗ ನಿಂದನೆ ಮಾಡತೊಡಗಿತು. ಒಂದು ದಿನ ತುಂಬುವ ಮೊದಲೇ ಅದನ್ನು ತೆಗೆದುಹಾಕಿದರು. ಮುಚ್ಚುವುದು ಮೊದಲು, ಮಿಕ್ಕಿದ್ದೆಲ್ಲ ಆಮೇಲೆ.

ನಾನು ಆ ಮಂಗಳವಾರ ಮಾಡಿದ್ದು ಇದರ ತದ್ವಿರುದ್ಧ. ಅರ್ಧ ಗಂಟೆ ಬೈದೆ. ಅದೇ ಲಾಟ್‌ನ ಉಳಿದ ಬಂಡಲ್‌ಗಳು ಒಳಗೆ ಮಷಿನ್ ಪಕ್ಕದಲ್ಲೇ ಇದ್ದವು. ಅವನ್ನು ಎತ್ತಿಡಿ ಅಂತ ಯಾರಿಗೂ ಹೇಳಲಿಲ್ಲ. ಮರುದಿನ ಬೆಳಿಗ್ಗೆ ನಾನು ಬರುವಷ್ಟರಲ್ಲಿ ಇನ್ನೂ 60 ಪ್ಯಾಂಟ್ ಹೊಲಿದಾಗಿತ್ತು. ನಾನು ಬೈದಿದ್ದಕ್ಕೆ ಹೆದರಿ ಅವತ್ತು ಎಲ್ಲರೂ ಬೇಗ ಬಂದು ಜೋರಾಗಿ ಕೆಲಸ ಮಾಡಿದ್ದರು.

ಹಾಗಾಗಿ ಈಗ ನಮ್ಮಲ್ಲಿ ಕ್ರಮ ಹೀಗಿದೆ. ತಪ್ಪು ಕಂಡ ತಕ್ಷಣ ಆ ಲಾಟ್‌ನ ಕೆಲಸ ನಿಲ್ಲಬೇಕು. ನಿಲ್ಲಿಸುವ ಹಕ್ಕು ಯಜಮಾನನಿಗೆ ಮಾತ್ರ ಅಲ್ಲ, ದಾರ ಕತ್ತರಿಸುವ ಅಕ್ಕನಿಗೂ ಇದೆ. ಕೆಟ್ಟದ್ದನ್ನು ಒಂದು ಕಡೆ, ಒಳ್ಳೆಯದನ್ನು ಇನ್ನೊಂದು ಕಡೆ ಇಟ್ಟು ಎಣಿಸಬೇಕು. ಆಮೇಲೆ ಮಾಲು ಕೊಳ್ಳುವ ಪಾರ್ಟಿಗೆ ನಾನೇ ಫೋನ್ ಮಾಡಬೇಕು. ಮೂರೇ ಮಾತು: ಏನಾಗಿದೆ, ಎಷ್ಟು ಪೀಸು, ಯಾವಾಗ ಕೊಡ್ತೀನಿ. ಯಾರಿಂದ ಆಯ್ತು ಅಂತ ಆ ಫೋನಿನಲ್ಲಿ ಹೇಳಬೇಡಿ. ಪಾರ್ಟಿಗೆ ಅದು ಬೇಕಾಗಿಲ್ಲ, ಒಳಗಿನವರಿಗೆ ಅದು ಕೇಳಿಸುತ್ತಿರುತ್ತದೆ.

ಈ ಹತ್ತು ನಿಮಿಷ ಯಾರನ್ನೂ ಬೈಯಬೇಡಿ. ಸಿಟ್ಟು ಬಂದರೆ ಹೊರಗೆ ಹೋಗಿ ಒಂದು ಚಹಾ ಕುಡಿದು ಬನ್ನಿ. ನಾನು ಹಾಗೇ ಮಾಡುತ್ತೇನೆ.

ಅದೇ ದಿನ: ತಪ್ಪು ನಿಮ್ಮದಾದರೆ ನೀವೇ ಹೇಳಿ

2014ರ ಅಕ್ಟೋಬರ್ 9. ಅಮೆರಿಕದ ಫೀನಿಕ್ಸ್‌ನಲ್ಲಿ ಕಂಪ್ಯೂಟರ್ ಕ್ಷೇತ್ರದ ಮಹಿಳೆಯರ ದೊಡ್ಡ ಸಮ್ಮೇಳನ. ನಾದೆಲ್ಲಾ ಸಿಇಒ ಆಗಿ ಎಂಟು ತಿಂಗಳಾಗಿತ್ತು. ವೇದಿಕೆ ಮೇಲೆ ಮರಿಯಾ ಕ್ಲಾವೆ ಒಂದು ಪ್ರಶ್ನೆ ಕೇಳಿದರು: ಸಂಬಳ ಜಾಸ್ತಿ ಕೇಳಲು ಹಿಂಜರಿಯುವ ಹೆಣ್ಣುಮಕ್ಕಳಿಗೆ ಏನು ಹೇಳ್ತೀರಿ? ಕೇಳುವುದು ಮುಖ್ಯ ಅಲ್ಲ, ವ್ಯವಸ್ಥೆ ಸರಿಯಾದ ಹೆಚ್ಚಳ ಕೊಟ್ಟೇ ಕೊಡುತ್ತದೆ ಅಂತ ನಂಬಿ ಅನ್ನುವ ಅರ್ಥದಲ್ಲಿ ಅವರು ಉತ್ತರ ಕೊಟ್ಟರು. ಮರಿಯಾ ಕ್ಲಾವೆ ಆಗ ಮೈಕ್ರೋಸಾಫ್ಟ್‌ನ ನಿರ್ದೇಶಕ ಮಂಡಳಿಯಲ್ಲೇ ಇದ್ದವರು. ಆದರೂ ಅಲ್ಲೇ, ಎಲ್ಲರ ಎದುರು, ನಾನು ಇದನ್ನು ಒಪ್ಪಲ್ಲ ಅಂದರು. ಹೊರಗೆಲ್ಲ ಟೀಕೆ ಶುರುವಾಯಿತು.

ಅದೇ ದಿನ ನಾದೆಲ್ಲಾ ಉದ್ಯೋಗಿಗಳಿಗೆಲ್ಲ ಪತ್ರ ಬರೆದರು. ಆ ಪ್ರಶ್ನೆಗೆ ನಾನು ಪೂರ್ತಿ ತಪ್ಪು ಉತ್ತರ ಕೊಟ್ಟೆ, ಸಂಬಳ ಹೆಚ್ಚಾಗಬೇಕು ಅನ್ನಿಸಿದರೆ ನೀವು ಕೇಳಲೇಬೇಕು ಅಂತ ಬರೆದರು. ನನ್ನ ಮಾತನ್ನು ತಿರುಚಿದ್ದಾರೆ ಅನ್ನಲಿಲ್ಲ. ಒಂದು ವಾರ ಕಾದು, ಗಲಾಟೆ ತಣ್ಣಗಾಗಲಿ ಅಂತ ನೋಡಲೂ ಇಲ್ಲ.

ನನಗೆ ಇದು ತಟ್ಟಿದ್ದಕ್ಕೆ ಕಾರಣ ಇದೆ. ಹೋದ ವರ್ಷ ಯುಗಾದಿಗೆ ಮುಂಚೆ ದಾರ ಕತ್ತರಿಸುವ ಅಕ್ಕಂದಿರು ಪೀಸಿಗೆ 50 ಪೈಸೆ ಜಾಸ್ತಿ ಕೇಳಿದರು. ಮೂರು ಜನ. ಕೇಳಲು ಅವರು ಎಷ್ಟು ದಿನ ಧೈರ್ಯ ತಂದುಕೊಂಡಿದ್ದರೋ ಏನೋ. ನಾನು, "ಕೂತು ದಾರ ಕತ್ತರಿಸೋದಲ್ವಾ, ಅದರಾಗೇನ್ ಕಷ್ಟ?" ಅಂದುಬಿಟ್ಟೆ. ಅವರು ಸುಮ್ನೆ ಎದ್ದು ಹೋದರು.

ಮಧ್ಯಾಹ್ನ ಊಟದ ಹೊತ್ತಲ್ಲಿ ಯಾರೂ ಇಲ್ಲದಾಗ ಅವರ ಜಾಗದಲ್ಲಿ ಕೂತು, ಆ ಚಿಕ್ಕ ಕಟ್ಟರ್ ಹಿಡಿದು 20 ಪ್ಯಾಂಟಿನ ದಾರ ಕತ್ತರಿಸಿದೆ. ಒಂದು ಪ್ಯಾಂಟಿನಲ್ಲಿ ಎಷ್ಟು ಕಡೆ ದಾರ ಇಳಿಬಿದ್ದಿರುತ್ತದೆ ಅಂತ ಅಲ್ಲಿಯವರೆಗೆ ನಾನು ಎಣಿಸಿರಲಿಲ್ಲ. ಜೇಬಿನ ಮೂಲೆ, ಜಿಪ್ಪಿನ ಬುಡ, ಬೆಲ್ಟ್ ಹಾಕುವ ಪ್ರತಿ ಪಟ್ಟಿಯ ಮೇಲೆ ಕೆಳಗೆ, ಒಳಗಿನ ಓವರ್‌ಲಾಕ್, ಅಂದರೆ ಬಟ್ಟೆಯ ಅಂಚಿನ ಹೊಲಿಗೆ, ಅದರ ಉದ್ದಕ್ಕೂ. 20 ಮುಗಿಸುವಷ್ಟರಲ್ಲಿ ಹೆಬ್ಬೆರಳ ಮೇಲೆ ಕಟ್ಟರ್‌ನ ಕೆಂಪು ಗುರುತು ಮೂಡಿತ್ತು. ಕುತ್ತಿಗೆ ಹಿಡಿದುಕೊಂಡಿತ್ತು.

ಸಂಜೆ ಅವರು ಚಪ್ಪಲಿ ಹಾಕಿಕೊಳ್ಳುವಾಗ ಹೋಗಿ ಹೇಳಿದೆ. "ಅಕ್ಕಾ, ಬೆಳಿಗ್ಗೆ ನಾನ್ ಆಡಿದ್ ಮಾತು ತಪ್ಪು. ಕೆಲಸ ಕಷ್ಟ ಐತಿ. ಈ ಶನಿವಾರದಿಂದ 50 ಪೈಸೆ ಜಾಸ್ತಿ." ಹಿರಿಯ ಅಕ್ಕ ಒಂದು ನಿಮಿಷ ನನ್ನ ಮುಖ ನೋಡಿ, "ಆಯ್ತಪ್ಪಾ" ಅಂದರು. ಅಷ್ಟೇ.

ತಪ್ಪೊಪ್ಪಿಕೊಳ್ಳುವಾಗ ಈ ಕ್ರಮ ಇಟ್ಟುಕೊಳ್ಳಿ. ನಾನು ಏನು ಅಂದೆ ಅಥವಾ ಮಾಡಿದೆ ಅಂತ ಬಿಡಿಸಿ ಹೇಳಿ. ಅದು ತಪ್ಪು ಅನ್ನಿ. ಈಗ ಏನು ಬದಲಾಗುತ್ತೆ, ಯಾವತ್ತಿನಿಂದ, ಅದನ್ನು ಹೇಳಿ. ಅಲ್ಲಿಗೆ ನಿಲ್ಲಿಸಿ. "ನಿಮಗೆ ಬೇಜಾರಾಗಿದ್ರೆ" ಅನ್ನುವ ಮಾತು ಬೇಡ, ಅದು ತಪ್ಪನ್ನು ಅವರ ಬೇಜಾರಿನ ಮೇಲೆ ಹಾಕುತ್ತದೆ. "ಆದ್ರೆ" ಅಂತಲೂ ಸೇರಿಸಬೇಡಿ. ಎಲ್ಲರ ಎದುರು ತಪ್ಪು ಮಾಡಿದ್ದರೆ ಎಲ್ಲರ ಎದುರೇ ಒಪ್ಪಿಕೊಳ್ಳಿ.

ಇದರ ಜೊತೆಗೆ ಇನ್ನೊಂದು. ಕೂಲಿ ಕೇಳಲು ಜನ ಹೆದರಬಾರದು ಅಂದರೆ ಕೇಳಲು ಒಂದು ದಿನ ಇರಬೇಕು. ನಮ್ಮಲ್ಲಿ ತಿಂಗಳ ಮೊದಲ ಶನಿವಾರ, ಬಟವಾಡೆ ಆದ ಮೇಲೆ, ಯಾರು ಬೇಕಾದರೂ ರೇಟಿನ ಬಗ್ಗೆ ಮಾತಾಡಬಹುದು. ಪ್ರತಿ ಕೆಲಸದ ಪೀಸ್ ರೇಟನ್ನು ಗೋಡೆ ಮೇಲೆ ಬರೆದು ಹಾಕಿದ್ದೇನೆ. ಹೆಂಗಸರಿಗೆ ಒಂದು, ಗಂಡಸರಿಗೆ ಒಂದು ಅಂತ ಇಲ್ಲ. ಎಲ್ಲ ಸಲವೂ ಕೇಳಿದಷ್ಟು ಕೊಡಲು ಆಗುವುದಿಲ್ಲ. ಆಗ ಯಾಕೆ ಆಗಲ್ಲ, ಯಾವಾಗ ಆಗಬಹುದು ಅಂತ ಲೆಕ್ಕ ತೋರಿಸಿ ಹೇಳುತ್ತೇನೆ.

ಆ ವಾರದೊಳಗೆ: ಚೆಂಡು ವಾಪಸ್ ಕೊಡಿ

ನಾದೆಲ್ಲಾ ಹೈದರಾಬಾದ್ ಪಬ್ಲಿಕ್ ಸ್ಕೂಲ್‌ನಲ್ಲಿ ಓದುವಾಗ ಶಾಲೆಯ ತಂಡದಲ್ಲಿ ಕ್ರಿಕೆಟ್ ಆಡುತ್ತಿದ್ದರು. ಒಂದು ಪಂದ್ಯದಲ್ಲಿ ಅವರ ಬೌಲಿಂಗ್ ತೀರಾ ಸಪ್ಪೆಯಾಗಿತ್ತು. ಕ್ಯಾಪ್ಟನ್ ಚೆಂಡು ಇಸಿದುಕೊಂಡು ತಾನೇ ಬೌಲ್ ಮಾಡಿ ವಿಕೆಟ್ ತೆಗೆದ. ಇಲ್ಲಿಯವರೆಗೆ ಎಲ್ಲ ಕ್ಯಾಪ್ಟನ್‌ಗಳೂ ಮಾಡುವುದೇ. ಆದರೆ ವಿಕೆಟ್ ಬಿದ್ದ ಮೇಲೆ ಆ ಹುಡುಗ ಚೆಂಡನ್ನು ಮತ್ತೆ ನಾದೆಲ್ಲಾ ಕೈಗೇ ಕೊಟ್ಟ. ಆಮೇಲೆ ಅವರು ಹಲವು ವಿಕೆಟ್ ತೆಗೆದರು. ಯಾಕೆ ವಾಪಸ್ ಕೊಟ್ಟೆ ಅಂತ ಅವನನ್ನು ಎಂದೂ ಕೇಳಲಿಲ್ಲ, ಕೊಡದಿದ್ದರೆ ನನ್ನ ಧೈರ್ಯವೇ ಮುರಿಯುತ್ತಿತ್ತು ಅಂತ ಅವನಿಗೆ ಗೊತ್ತಿತ್ತು ಅನ್ನಿಸುತ್ತದೆ ಅಂತ ನಾದೆಲ್ಲಾ ಹೇಳಿದ್ದಾರೆ. ಶಾಲೆಯ ಒಂದು ಮ್ಯಾಚು. ಅದನ್ನು ಅವರು ಸಿಇಒ ಆದ ವರ್ಷವೂ ನೆನೆಸಿಕೊಂಡು ಹೇಳುತ್ತಿದ್ದರು.

ಟೇ ಕೆಟ್ಟಾಗ ಅವರು ಮಾಡಿದ್ದೂ ಇದನ್ನೇ. ಪ್ರಪಂಚವೆಲ್ಲ ಆಡಿಕೊಳ್ಳುತ್ತಿದ್ದಾಗ ಆ ತಂಡಕ್ಕೆ ಪತ್ರ ಬರೆದು, ಕೆಲಸ ಮುಂದುವರಿಸಿ, ನಾನು ನಿಮ್ಮ ಜೊತೆ ಇದ್ದೀನಿ ಅಂದರು. ಅದೇ ವರ್ಷ ಡಿಸೆಂಬರ್‌ನಲ್ಲಿ ಆ ಕೆಲಸದ ಮುಂದಿನ ರೂಪ, ಜೋ ಅನ್ನುವ ಹೆಸರಿನಲ್ಲಿ, ಹೊರಬಂತು.

ನನ್ನ ಮಟ್ಟಿಗೆ ಇಡೀ ವಿಷಯದಲ್ಲಿ ದೊಡ್ಡದು ಇದೇ. ಕೆಲಸ ಕಿತ್ತುಕೊಳ್ಳುವುದು ಎಲ್ಲರಿಗೂ ಬರುತ್ತದೆ. ಕೆಟ್ಟ ಕೆಲಸವನ್ನು ತಾನೇ ಕೂತು ಸರಿಮಾಡುವುದು ಒಳ್ಳೆ ಕೆಲಸಗಾರ ಯಜಮಾನನಿಗೆ ಬರುತ್ತದೆ. ಸರಿಮಾಡಿದ ಮೇಲೆ ಅದೇ ಕೆಲಸವನ್ನು ಅದೇ ಮನುಷ್ಯನ ಕೈಗೆ ಕೊಡುವುದು ಬಹಳ ಕಷ್ಟ. ಹೊಟ್ಟೆಯಲ್ಲಿ ಭಯ ಇರುತ್ತದೆ.

ಚಿಂದಿ ಚೀಲ ನೋಡಿದ ಮೇಲೆ, ಎರಡು ತಿಂಗಳು ತಡವಾಗಿ, ನಾನು ಚಾಚಾ ಹತ್ತಿರ ಹೋದೆ. ಎಲ್ಲರೂ ಮನೆಗೆ ಹೋಗಿದ್ದರು. ಎರಡು ಪ್ಲೇಟ್ ಒಗ್ಗರಣೆ, ಮಿರ್ಚಿ ತರಿಸಿದ್ದೆ. ಅವರು ಪ್ಲೇಟ್ ಮುಟ್ಟಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಅಂದರು: "ಬೈದಿದ್ದಕ್ಕ ಬ್ಯಾಸರ ಇಲ್ಲಪ್ಪಾ. ಹುಡುಗರ ಮುಂದ ಬೈದೆಲ್ಲಾ, ಅದು. ಈಗ ಅವರಿಗೆ ನಾ ಏನ್ ಹೇಳಿದ್ರೂ ನಡೆಯಂಗಿಲ್ಲ."

ಆಮೇಲೆ ಇನ್ನೊಂದು ಮಾತು ಹೇಳಿದರು. ಆ ರೋಲ್ ಮುಟ್ಟಿದಾಗಲೇ ಅವರಿಗೆ ಅನುಮಾನ ಬಂದಿತ್ತಂತೆ. ಆದರೆ ಅದಕ್ಕೆ ಹಿಂದೆ ಮೂರು ಸಲ ಅವರು ಕೆಲಸ ನಿಲ್ಲಿಸಿ ನನ್ನನ್ನು ಕೇಳಿದ್ದಾಗ ಮೂರು ಸಲವೂ ನಾನು, "ಟೈಮ್ ಇಲ್ಲ ಚಾಚಾ, ಹಾಕ್ರಿ" ಅಂದಿದ್ದೆ. ನಾಲ್ಕನೇ ಸಲ ಅವರು ಕೇಳಲಿಲ್ಲ.

ಯೋಚನೆ ಮಾಡಿ. ಎರಡು ತಿಂಗಳು ನಾನು ತಪ್ಪಿನ ಕಾರಣ ಕಟಿಂಗ್ ಟೇಬಲ್ ಮೇಲೆ ಇದೆ ಅಂದುಕೊಂಡಿದ್ದೆ. ಅದು ನನ್ನ ಬಾಯಲ್ಲಿತ್ತು. ಒಂಟಿಯಾಗಿ ಕೂತು ಕೇಳದಿದ್ದರೆ ಅದು ನನಗೆ ಎಂದೂ ತಿಳಿಯುತ್ತಿರಲಿಲ್ಲ.

ಮಾರನೇ ವಾರ ಒಂದು ದೊಡ್ಡ ಲಾಟ್ ಇತ್ತು, 600 ಪ್ಯಾಂಟ್. ಬೆಳಿಗ್ಗೆ ಎಲ್ಲರೂ ಇದ್ದಾಗ ಹೇಳಿದೆ: ಈ ಲಾಟ್ ಚಾಚಾ ಹೇಳಿದ ಹಾಗೆ ನಡೆಯುತ್ತದೆ, ಅವರು ನಿಲ್ಲಿಸು ಅಂದರೆ ನಿಲ್ಲಬೇಕು, ನನ್ನನ್ನು ಕೇಳಬೇಕಾಗಿಲ್ಲ. ಅವರು ಪ್ರತಿ ರೋಲ್‌ನಿಂದ ಗೇಣಗಲದ ತುಂಡು ಹರಿದು, ಎಲ್ಲವನ್ನೂ ಒಂದಕ್ಕೊಂದು ಹೊಲಿಸಿ, ರೋಲ್ ನಂಬರ್ ಬರೆದು ಮೊದಲು ವಾಷಿಂಗ್‌ಗೆ ಕಳಿಸಿದರು. ಒಂದು ದಿನ ಹೋಯಿತು. ಬಂದ ಮೇಲೆ ನೋಡಿದರೆ 11 ರೋಲ್‌ನಲ್ಲಿ ಎರಡರ ಬಣ್ಣ ಬೇರೆ. ಆ ಎರಡನ್ನು ಪಕ್ಕಕ್ಕಿಟ್ಟು ಬೇರೆ ಲಾಟ್ ಮಾಡಿದೆವು.

ನೀವು ಇದನ್ನು ಮಾಡುವಾಗ ಗಮನದಲ್ಲಿಡಬೇಕಾದ್ದು ಸ್ವಲ್ಪ ಇದೆ. ಕೆಲಸ ಇಸಿದುಕೊಂಡರೆ ಎಷ್ಟು ಹೊತ್ತಿಗೆ ಅಂತ ಆಗಲೇ ಹೇಳಿ: "ಇವತ್ತು ನಾನು ನೋಡ್ಕೋತೀನಿ, ಗುರುವಾರದಿಂದ ನೀವೇ." ವಾಪಸ್ ಕೊಡುವಾಗ ಅದೇ ಕೆಲಸ ಕೊಡಿ. ಅದಕ್ಕಿಂತ ಚಿಕ್ಕದು ಕೊಟ್ಟರೆ ಶಿಕ್ಷೆ ಆಗುತ್ತದೆ. ಕೊಟ್ಟ ಮೇಲೆ ಬೆನ್ನ ಹಿಂದೆ ನಿಲ್ಲಬೇಡಿ. ದಿನಕ್ಕೆ ಒಂದು ಸಲ ಕೇಳಿ, ಸಾಕು. ಬೈಯಲೇಬೇಕಾದರೆ ಒಬ್ಬರನ್ನೇ ಕರೆದು, ಬಾಗಿಲು ಹಾಕಿ. ಹೊಗಳುವುದನ್ನು ಹತ್ತು ಜನರ ಎದುರು ಮಾಡಿ.

ಒಂದು ಮಾತು ಸ್ಪಷ್ಟ ಇರಲಿ. ಬೇಕಂತ ಮೋಸ ಮಾಡಿದವರಿಗೆ, ಬಟ್ಟೆ ಕದ್ದವರಿಗೆ ಈ ಕ್ರಮ ಅಲ್ಲ. ಕೈತಪ್ಪಿ ಆದದ್ದಕ್ಕೆ, ಅನುಮಾನ ಇದ್ದೂ ಹೇಳಲಾಗದೆ ಆದದ್ದಕ್ಕೆ. ನಮ್ಮಂಥ ಜಾಗಗಳಲ್ಲಿ ಹೆಚ್ಚಿನ ತಪ್ಪುಗಳು ಇವೇ.

ತಿಂಗಳಿಗೊಮ್ಮೆ: ಗೋದಾಮಿನ ಬಾಗಿಲು ತೆಗೆಯಿರಿ

ನಾದೆಲ್ಲಾ ಅವರಿಗೆ ಮುಂಚೆ ಇದ್ದ ಸಿಇಒ ಕಾಲದಲ್ಲಿ, 2013ರಲ್ಲಿ, ಮೈಕ್ರೋಸಾಫ್ಟ್ ನೋಕಿಯಾದ ಮೊಬೈಲ್ ವ್ಯಾಪಾರ ಕೊಳ್ಳುವ ಒಪ್ಪಂದ ಮಾಡಿತು. ನಮ್ಮೆಲ್ಲರ ಕೈಯಲ್ಲೂ ಒಂದು ಕಾಲಕ್ಕೆ ನೋಕಿಯಾ ಇತ್ತಲ್ಲ, ಅದೇ. ಮೈಕ್ರೋಸಾಫ್ಟ್ ಕೈಗೆ ಬಂದ ಮೇಲೂ ಆ ಫೋನು ನಡೆಯಲಿಲ್ಲ. 2015ರ ಜುಲೈನಲ್ಲಿ ನಾದೆಲ್ಲಾ 760 ಕೋಟಿ ಡಾಲರ್ ನಷ್ಟ ಅಂತ ಲೆಕ್ಕಕ್ಕೆ ಬರೆದು ಕೈ ತೊಳೆದುಕೊಂಡರು. ಇಷ್ಟು ದುಡ್ಡು ಹಾಕಿದ್ದೀವಲ್ಲ, ಇನ್ನೂ ಸ್ವಲ್ಪ ಹಾಕಿ ನೋಡೋಣ ಅನ್ನಲಿಲ್ಲ. ಅದಕ್ಕೂ ಮೊದಲು, 2014ರ ಮಾರ್ಚ್‌ನಲ್ಲಿ, ಎದುರಾಳಿ ಆಪಲ್‌ನ ಐಪ್ಯಾಡ್‌ಗೆ ತಮ್ಮ ಆಫೀಸ್ ಸಾಫ್ಟ್‌ವೇರ್ ಕೊಟ್ಟರು. ಗಿರಾಕಿ ಎಲ್ಲಿದ್ದಾನೋ ಅಲ್ಲಿಗೆ ಮಾಲು ಹೋಗಲಿ ಅನ್ನುವ ಲೆಕ್ಕ.

ನಮ್ಮಲ್ಲೂ ನೋಕಿಯಾ ಇರುತ್ತದೆ. ಕಾಲಿಗೆ ಅಂಟುವ ಮಾದರಿಯ 300 ಪ್ಯಾಂಟ್ ನನ್ನ ಗೋದಾಮಿನಲ್ಲಿ ಎರಡು ವರ್ಷ ಬಿದ್ದಿದ್ದವು. ಹುಡುಗರು ದೊಗಲೆ ಪ್ಯಾಂಟ್ ಕೇಳತೊಡಗಿ ಬಹಳ ದಿನ ಆಗಿತ್ತು. ಹಾಕಿದ ದುಡ್ಡಿನ ಆಸೆಗೆ ಇಟ್ಟುಕೊಂಡಿದ್ದೆ. ಸಿಕ್ಕ ರೇಟಿಗೆ ಕೊಟ್ಟೆ, ಜಾಗ ಖಾಲಿಯಾಯಿತು. ತಿಂಗಳಿಗೊಮ್ಮೆ ಗೋದಾಮು ತೆಗೆದು, ಆರು ತಿಂಗಳಿಂದ ಅಲುಗಾಡದ ಮಾಲಿನ ಪಟ್ಟಿ ಮಾಡಿ. ಅದನ್ನು ತಂದದ್ದು ನಿಮ್ಮ ತಂದೆಯೋ ಅಣ್ಣನೋ ಆಗಿದ್ದರೆ ಅವರನ್ನು ದೂರಬೇಡಿ. ಮಾರಿಬಿಡಿ.

ಇಲ್ಲಿ ನನಗೆ ಒಪ್ಪಿಗೆಯಾಗದ ಸಂಗತಿಯೊಂದಿದೆ, ಅದನ್ನು ಮುಚ್ಚಿಟ್ಟು ಪಾಠ ಹೇಳುವುದು ಸರಿಯಲ್ಲ. 2014ರ ಜುಲೈನಲ್ಲಿ 18,000 ಜನರನ್ನು ಕೆಲಸದಿಂದ ತೆಗೆಯುವುದಾಗಿ ಅವರ ಕಂಪನಿ ಹೇಳಿತು. ನೋಕಿಯಾ ಲೆಕ್ಕ ಮುಗಿಸಿದಾಗ ಮತ್ತೆ 7,800. ಆ ಜನರಲ್ಲಿ ಹೆಚ್ಚಿನವರು ಆ ವ್ಯಾಪಾರ ಕೊಳ್ಳುವ ತೀರ್ಮಾನ ಮಾಡಿದವರಲ್ಲ. ದೊಡ್ಡ ಕಂಪನಿಗೆ ಅದು ಒಂದು ಪ್ರಕಟಣೆ. ನಮ್ಮಲ್ಲಿ ಒಬ್ಬರನ್ನು ಬಿಡಿಸಿದರೆ ಅವರ ಮನೆ, ಮಕ್ಕಳ ಶಾಲೆ, ಸಂಘದ ಸಾಲದ ಕಂತು ಎಲ್ಲ ನಮಗೆ ಗೊತ್ತಿರುತ್ತದೆ. ಮಾಲನ್ನು ಕೈಬಿಡುವುದನ್ನು ಅವರಿಂದ ಕಲಿಯಿರಿ. ಜನರನ್ನು ಕೈಬಿಡುವ ಮುಂಚೆ ಆ ಕೈಗಳಿಗೆ ಬೇರೆ ಯಾವ ಕೆಲಸ ಬರುತ್ತದೆ ಅಂತ ಒಂದು ತಿಂಗಳಾದರೂ ನೋಡಿ.

ದಿನಾ: ಅಳುವ ಮಗುವನ್ನು ಎತ್ತಿಕೊಳ್ಳಿ

1992ರಲ್ಲಿ ಮೈಕ್ರೋಸಾಫ್ಟ್ ಸಂದರ್ಶನದಲ್ಲಿ ನಾದೆಲ್ಲಾ ಅವರನ್ನು ಒಬ್ಬರು ಕೇಳಿದರಂತೆ: ರಸ್ತೆಯಲ್ಲಿ ಮಗು ಬಿದ್ದು ಅಳುತ್ತಿದೆ, ಏನು ಮಾಡ್ತೀರಿ? ತುರ್ತು ನಂಬರ್‌ಗೆ ಫೋನ್ ಮಾಡ್ತೀನಿ ಅಂದರು 25ರ ಹುಡುಗ. ಕೇಳಿದವರು ಎದ್ದು, ಹೆಗಲ ಮೇಲೆ ಕೈಹಾಕಿ, ಮಗು ಅಳ್ತಿದ್ರೆ ಮೊದಲು ಎತ್ಕೋಬೇಕಪ್ಪಾ ಅನ್ನುವ ಹಾಗೆ ಬುದ್ಧಿ ಹೇಳಿ ಕಳಿಸಿದರು. ಕೆಲಸ ಸಿಕ್ಕಿತು. ಆದರೆ ಆ ಮಾತು ಅರ್ಥವಾಗಲು ವರ್ಷಗಳು ಬೇಕಾದವು. 1996ರಲ್ಲಿ ಮಗ ಜೈನ್ ಹುಟ್ಟಿದ. ಹುಟ್ಟುವ ಮುಂಚೆಯೇ ಉಸಿರು ಕಟ್ಟಿದ್ದರಿಂದ ಮೆದುಳಿಗೆ ಪೆಟ್ಟಾಗಿ, ಬದುಕಿನುದ್ದಕ್ಕೂ ಗಾಲಿಕುರ್ಚಿ. ನನಗೆ ಯಾಕೆ ಹೀಗಾಯಿತು ಅಂತ ತಂದೆ ಕೊರಗುತ್ತಿದ್ದರು. ತಾಯಿ ಅನು ಮಾತ್ರ ಮಗುವನ್ನು ಒಂದು ಚಿಕಿತ್ಸೆಯಿಂದ ಇನ್ನೊಂದಕ್ಕೆ ಕರೆದುಕೊಂಡು ಓಡಾಡುತ್ತಿದ್ದರು. ಆಗಿರುವುದು ನನಗಲ್ಲ, ಮಗನಿಗೆ ಅಂತ ಹೆಂಡತಿಯನ್ನು ನೋಡಿ ತಿಳಿಯಿತು ಎಂದು ಅವರೇ ಹೇಳಿಕೊಂಡಿದ್ದಾರೆ. ಜೈನ್ 2022ರಲ್ಲಿ ತೀರಿಕೊಂಡ.

ಇದನ್ನು ಓದಿದ ದಿನ ನನಗೆ ನಮ್ಮ ಓವರ್‌ಲಾಕ್ ಮಷಿನ್‌ನ ತಂಗಿ ನೆನಪಾದಳು. ದಿನಾ ಅರ್ಧ ಗಂಟೆ ತಡ. ನಾನು ದಿನಾ ಗಡಿಯಾರ ತೋರಿಸುತ್ತಿದ್ದೆ. ಒಂದು ದಿನ, "ಯಾಕವ್ವಾ ತಡ ಆಗ್ತದ?" ಅಂತ ಮೊದಲ ಸಲ ಕೇಳಿದೆ. ಮಗಳನ್ನು ಅಂಗನವಾಡಿಗೆ ಬಿಟ್ಟು ಬರಬೇಕು, ಅತ್ತೆಗೆ ಲಕ್ವ ಹೊಡೆದಿದೆ, ಮನೆಯಲ್ಲಿ ಬೇರೆ ಯಾರೂ ಇಲ್ಲ. ಅರ್ಧ ಗಂಟೆ ತಡವಾಗಿ ಬಂದು ಅರ್ಧ ಗಂಟೆ ತಡವಾಗಿ ಹೋಗು ಅಂದೆ. ಸಮಸ್ಯೆ ಅಲ್ಲಿಗೆ ಮುಗಿಯಿತು.

ಬಳ್ಳಾರಿ ಬಿಸಿಲು ನಿಮಗೆ ಗೊತ್ತು. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುತ್ತದೆ, ತಗಡಿನ ಶೆಡ್ ಒಳಗೆ ಇನ್ನೂ ಜಾಸ್ತಿ. ಆ ಎರಡು ತಿಂಗಳು ನಾವು ಬೆಳಿಗ್ಗೆ ಆರೂವರೆಗೆ ಶುರು ಮಾಡಿ ಹನ್ನೆರಡೂವರೆಗೆ ನಿಲ್ಲಿಸುತ್ತೇವೆ, ಬಿಸಿಲಿಳಿದ ಮೇಲೆ ಮತ್ತೆ ಮೂರು ಗಂಟೆ. ಹೊಲಿಗೆಯ ತಪ್ಪು ಕಡಿಮೆಯಾಗಿದೆ. ಬೆವರಿದ ಕೈಯಲ್ಲಿ ಡೆನಿಮ್ ಜಾರುತ್ತದೆ, ಗೆರೆ ವಾರೆಯಾಗುತ್ತದೆ. ಇದನ್ನು ಹೇಳಿದ್ದೂ ಆ ತಂಗಿಯೇ.

ಕೊನೇದು: ತಪ್ಪಿನ ಪುಸ್ತಕ

ಎಲ್ಲ ಗೊತ್ತು ಅನ್ನುವವರಿಗಿಂತ ಎಲ್ಲ ಕಲೀತೀನಿ ಅನ್ನುವವರು ಮುಂದೆ ಹೋಗುತ್ತಾರೆ ಅನ್ನುವುದು ನಾದೆಲ್ಲಾ ತಮ್ಮ ಕಂಪನಿಯಲ್ಲಿ ಪದೇ ಪದೇ ಹೇಳುವ ಮಾತು. ನಾನು ಅದಕ್ಕೆ 60 ರೂಪಾಯಿಯ ಒಂದು ಲಾಂಗ್ ನೋಟ್‌ಬುಕ್ ತಂದೆ. ಕಟಿಂಗ್ ಟೇಬಲ್ ಪಕ್ಕ ದಾರದಲ್ಲಿ ಕಟ್ಟಿದ್ದೇವೆ. ಏನು ತಪ್ಪಾಯಿತು, ಎಲ್ಲಿ ಗೊತ್ತಾಯಿತು, ಮುಂದಿನ ಸಲ ಏನು ಮಾಡೋಣ, ಇಷ್ಟೇ ಬರೆಯುವುದು. ಯಾರು ಮಾಡಿದರು ಅಂತ ಬರೆಯುವ ಹಾಗಿಲ್ಲ. ಬರೆಯಲು ಬಾರದವರು ಹಾಳಾದ ತುಂಡನ್ನೇ ಪಿನ್ ಹೊಡೆಯುತ್ತಾರೆ. ಮೊದಲ ಪುಟದಲ್ಲಿ ನನ್ನ ತಪ್ಪನ್ನು ನಾನೇ ಬರೆದೆ: ಮೂರು ಸಲ ಕೇಳಿದಾಗ ಟೈಮ್ ಇಲ್ಲ ಅಂದದ್ದು. ನೀವು ಇಂಥ ಪುಸ್ತಕ ಶುರು ಮಾಡಿದರೆ ಮೊದಲ ಪುಟ ನಿಮ್ಮದೇ ಇರಲಿ, ಇಲ್ಲದಿದ್ದರೆ ಎರಡನೇ ಪುಟ ಖಾಲಿಯೇ ಇರುತ್ತದೆ.

ಹೋದ ತಿಂಗಳು ಹೊಸದಾಗಿ ಸೇರಿದ ಹುಡುಗನೊಬ್ಬ, ಹತ್ತೊಂಬತ್ತು ವರ್ಷ, ಪದರ ಹಾಸುವುದನ್ನು ಅರ್ಧಕ್ಕೆ ಬಿಟ್ಟು ಬಂದ. "ಅಣ್ಣಾ, ಈ ರೋಲ್ ಯಾಕೋ ಬ್ಯಾರೆ ಕಾಣ್ತದ." ನಾನು ನೋಡಿದೆ, ನನಗೆ ಒಂದೇ ಥರ ಕಂಡಿತು. ಚಾಚಾ ನೋಡಿದರು, ಬೆರಳಲ್ಲಿ ತಿಕ್ಕಿದರು, ಏನೂ ಹೇಳಲಿಲ್ಲ. ಎರಡೂ ರೋಲ್‌ನಿಂದ ತುಂಡು ಹರಿದು ವಾಷಿಂಗ್‌ಗೆ ಕಳಿಸಿದೆವು. ಅರ್ಧ ದಿನ ಟೇಬಲ್ ಖಾಲಿ ಬಿತ್ತು. ಸಂಜೆ ತುಂಡುಗಳು ಬಂದವು. ಎರಡೂ ಒಂದೇ ಬಣ್ಣ. ಹುಡುಗನ ಮುಖ ಸಣ್ಣದಾಯಿತು.

"ನಾಳೆನೂ ಅನುಮಾನ ಬಂದ್ರ ಹಿಂಗ ಬಂದು ಹೇಳು" ಅಂದೆ. ಚಾಚಾ ಆ ಎರಡು ತುಂಡುಗಳನ್ನು ಪುಸ್ತಕಕ್ಕೆ ಅಕ್ಕಪಕ್ಕ ಪಿನ್ ಹೊಡೆದು, ಕೆಳಗೆ ತಾರೀಖು ಬರೆದು, ಕತ್ತರಿಯನ್ನು ಹುಡುಗನ ಕೈಗೆ ಕೊಟ್ಟರು.